ಡ್ರಮ್ಮಿನ ಪೂರ್ವಾಶ್ರಮ

ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತಾರೆ. ಹಳೇ ಡ್ರಮ್ಮಿನ ಮೂಲವನ್ನು ಮಾತ್ರ ಕೇಳಲೇಬೇಕು. ಬೆಂಗಳೂರಿನ ನಾಯಂಡಹಳ್ಳಿ, ಪೀಣ್ಯದ ಕಡೆಯ ಗುಜರಿ ಅಂಗಡಿಗಳ ಮುಂದೆ ನೀಲಿ ಪೀಪಾಯಿಗಳು ಒಂದರ ಮೇಲೊಂದು ಏರಿ ಕೂತಿರುತ್ತವೆ. ಪಕ್ಕದಲ್ಲಿ ಕಬ್ಬಿಣದ ಪಂಜರದೊಳಗಿನ ಬಿಳಿ ಚೌಕ ತೊಟ್ಟಿಗಳು. ಎಲ್ಲವನ್ನೂ ತೊಳೆದು, ಲೇಬಲ್ ಕೆರೆದು, ಬಿಸಿಲಿಗೆ ಒಣಗಿಸಿ ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ನಿಲ್ಲಿಸಿರುತ್ತಾರೆ. "ಇದ್ರಲ್ಲಿ ಮೊದಲು ಏನಿತ್ತು?" ಎಂದು ಗಿರಾಕಿ ಕೇಳಿದರೆ ಸಿದ್ಧ ಉತ್ತರ ಒಂದೇ: "ಫುಡ್ ಗ್ರೇಡ್ ಸಾರ್, ಕಣ್ಮುಚ್ಕೊಂಡ್ ತಗೊಳಿ."

ಅಪರೂಪಕ್ಕೆ ಇನ್ನೊಂದು ಬಗೆಯ ಅಂಗಡಿಯವನು ಸಿಗುತ್ತಾನೆ. ಅವನು ಉತ್ತರ ಕೊಡುವ ಮೊದಲು ತಾನೇ ಪ್ರಶ್ನೆ ಹಾಕುತ್ತಾನೆ: "ನಿಮಗೆ ಏನಕ್ಕೆ ಬೇಕು? ಕುಡಿಯೋ ನೀರಿಗಾ, ಕ್ಯೂರಿಂಗ್‌ಗಾ, ಗೊಬ್ಬರಕ್ಕಾ?" ವ್ಯಾಪಾರ ಮಾಡುವುದಿದ್ದರೆ ಇವನ ಹತ್ತಿರ ಮಾಡಬೇಕು. ಯಾವ ಡ್ರಮ್ ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿದೆ ಎಂದರ್ಥ.

ಕೊಳ್ಳುವವರ ಸಂಖ್ಯೆಯೇನೂ ಕಡಿಮೆಯಿಲ್ಲ. ಮನೆ ಕಟ್ಟಿಸುವ ಮೇಸ್ತ್ರಿಗೆ ಗೋಡೆಗೆ ನೀರು ಹಾಯಿಸಲು ಡ್ರಮ್ ಬೇಕು. ಜೀವಾಮೃತ ಮಾಡುವ ರೈತನಿಗೆ ಬೇಕು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಪಾಕದ ಅಳತೆಯೇ 200 ಲೀಟರ್ ನೀರು, 10 ಕೆಜಿ ಸಗಣಿ ಎಂದು ಡ್ರಮ್ಮಿನ ಲೆಕ್ಕದಲ್ಲಿದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸಲು ಬ್ಯಾರಲ್ ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, 6,000 ಲೀಟರಿನ ಟ್ಯಾಂಕರ್ ನೀರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂದಾಗ, ನೀರು ಬಂದ ದಿನ ಹಿಡಿದಿಟ್ಟುಕೊಳ್ಳಲು ಪಾತ್ರೆ ಬೇಕು ಎಂಬುದು ಅಪಾರ್ಟ್‌ಮೆಂಟಿನವರಿಗೂ ಅರಿವಾಯಿತು. ಹೊಸ ಟ್ಯಾಂಕಿನ ಬೆಲೆ ಕೇಳಿದವರ ಕಣ್ಣು ಸಹಜವಾಗಿಯೇ ಹಳೆಯದರ ಕಡೆ ಹೊರಳುತ್ತದೆ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ನೋಡದೆ ಕೊಳ್ಳುವುದು ತಪ್ಪು.

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಘೋರ ಉದಾಹರಣೆ ಇದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಧರ್ಮಸತಿ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತೆಂದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಗೊತ್ತಾಯಿತು. ಕೀಟನಾಶಕ ಇದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದಿರಬೇಕು ಎಂಬ ಅನುಮಾನ ಆಗಲೇ ಎದ್ದಿತ್ತು. ಹೊಲದಲ್ಲಿ ಔಷಧಿ ಹೊಡೆದು ಖಾಲಿಯಾದ ಕ್ಯಾನ್ ಗಟ್ಟಿಮುಟ್ಟಾಗಿ ಕಾಣುತ್ತದೆ, ಬಿಸಾಡಲು ಮನಸ್ಸು ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲೂ ಅಂಥ ಕ್ಯಾನುಗಳಲ್ಲಿ ಸೀಮೆಎಣ್ಣೆಯಿಂದ ಹಿಡಿದು ಮಜ್ಜಿಗೆಯವರೆಗೆ ತುಂಬಿಟ್ಟಿದ್ದನ್ನು ಕಂಡವರಿದ್ದಾರೆ.

ಸೋಪು ಹಾಕಿ ತಿಕ್ಕಿದರೆ ಹೋಗುವುದಿಲ್ಲವೇ ಎಂದು ಕೇಳಬಹುದು. ಸ್ಟೀಲ್ ಪಾತ್ರೆಯಾದರೆ ಬಹುಮಟ್ಟಿಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನ ಸ್ವಭಾವವೇ ಬೇರೆ. ನೀಲಿ ಡ್ರಮ್ಮು, ಬಿಳಿ ತೊಟ್ಟಿ ಎರಡೂ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನಿನವು. ನೀರನ್ನು ಅದು ಒಳಕ್ಕೆ ಬಿಡುವುದಿಲ್ಲ. ಎಣ್ಣೆ, ಥಿನ್ನರ್, ಕೀಟನಾಶಕವನ್ನು ಕರಗಿಸಿಡುವ ದ್ರಾವಕಗಳಂಥವನ್ನು ಮಾತ್ರ ನಿಧಾನವಾಗಿ ಹೀರಿಕೊಂಡು ಗೋಡೆಯೊಳಗೆ ಇಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ ಹಾಕಿದ ಪ್ಲಾಸ್ಟಿಕ್ ಡಬ್ಬಿಯನ್ನು ಹತ್ತು ಸಲ ತೊಳೆದರೂ ವಾಸನೆ ಬಿಡದಿರುವುದನ್ನು ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾರೆ. ಡ್ರಮ್ಮಿನ ಕಥೆಯೂ ಅದೇ. ಮೇಲೆ ತೊಳೆದದ್ದು ಮೇಲಿನದಷ್ಟೇ. ಒಳಗೆ ಹೊಕ್ಕದ್ದು ತಿಂಗಳುಗಟ್ಟಲೆ ಹೊಸ ನೀರಿಗೆ ಇಷ್ಟಿಷ್ಟೇ ಇಳಿಯುತ್ತಿರುತ್ತದೆ.

ಅದಕ್ಕೇ ಮೊದಲು ನೋಡಬೇಕಾದ್ದು ಡ್ರಮ್ಮಿನ ಜಾತಕ. ಅದು ಡ್ರಮ್ಮಿನ ಮೈಮೇಲೆಯೇ ಅಚ್ಚಾಗಿರುತ್ತದೆ, ಲೇಬಲ್ ಕೆರೆದವರ ಕೈಗೂ ಸಿಗುವುದಿಲ್ಲ. ಮುಚ್ಚಳದ ಹತ್ತಿರವೋ ಪಕ್ಕೆಯಲ್ಲೋ ಒಂದು ವೃತ್ತದಲ್ಲಿ ಯುಎನ್ ಎಂಬ ಅಕ್ಷರ, ಅದರ ಮುಂದೆ 1ಎಚ್1, ವೈ1.8, 100, 24, ಐಎನ್‌ಡಿ ಎಂದು ಓರೆಗೆರೆಗಳ ನಡುವೆ ಇಂಗ್ಲಿಷಿನಲ್ಲಿ ಕೊರೆದಿದ್ದರೆ ಅದನ್ನು ಹೀಗೆ ಓದಬೇಕು: ಮೊದಲ 1 ಎಂದರೆ ಡ್ರಮ್, ಎಚ್ ಎಂದರೆ ಪ್ಲಾಸ್ಟಿಕ್, ಕೊನೆಯ 1 ಎಂದರೆ ಮೇಲ್ಭಾಗ ತೆಗೆಯಲು ಬಾರದ, ಸಣ್ಣ ಬಾಯಿಯದು. ಬಾಯಿ ಪೂರ್ತಿ ತೆರೆಯುವಂಥದ್ದಾದರೆ 1ಎಚ್2. ವೈ ಎಂದರೆ ಮಧ್ಯಮ ಮತ್ತು ಕಡಿಮೆ ಅಪಾಯದ ರಾಸಾಯನಿಕಗಳಿಗೆ ಸೈ. ಎಕ್ಸ್ ಇದ್ದರೆ ಅತಿ ಅಪಾಯದವಕ್ಕೂ ಸೈ. 1.8 ಎಂಬುದು ದ್ರವ ನೀರಿಗಿಂತ ಎಷ್ಟು ಪಟ್ಟು ಭಾರವಿರಬಹುದು ಎಂಬ ಮಿತಿ. 24 ಎಂದರೆ 2024ರಲ್ಲಿ ಹುಟ್ಟಿದ್ದು. ಹತ್ತಿರದಲ್ಲೇ ಗಡಿಯಾರದ ಮುಖದಂಥ ಚಿತ್ರವಿದ್ದರೆ ಅದರ ಮುಳ್ಳು ತೋರಿಸುವುದು ಹುಟ್ಟಿದ ತಿಂಗಳು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಯುಎನ್ ಗುರುತು ಇದ್ದರೆ ಒಳ್ಳೇ ಮಾಲು, ನೀರಿಗೆ ಧಾರಾಳವಾಗಿ ಬಳಸಬಹುದು ಎಂದುಕೊಳ್ಳುತ್ತಾರೆ. ನಿಜ ಸಂಗತಿ ಹೆಚ್ಚುಕಡಿಮೆ ತಿರುಗುಮುರುಗು. ಅಪಾಯಕಾರಿ ಸರಕನ್ನು ಸಾಗಿಸುವಾಗ ಬಿದ್ದರೂ ಒಡೆಯದಷ್ಟು ಗಟ್ಟಿ ಎಂದು ಪರೀಕ್ಷೆ ಪಾಸು ಮಾಡಿದ ಡ್ರಮ್ಮಿಗೆ ಆ ಗುರುತು ಸಿಗುತ್ತದೆ. ಭಾರತದಲ್ಲಿ ಈ ಪರೀಕ್ಷೆ ನಡೆಸುವುದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್. ಅಂದರೆ ಗುರುತು ಹೇಳುವುದು ಡ್ರಮ್ಮಿನ ತಾಕತ್ತನ್ನು, ಶುಚಿಯನ್ನಲ್ಲ. ತ್ರಿಕೋನದೊಳಗಿನ 2 ಕೂಡ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. ಆಹಾರಕ್ಕೆ ಆಗುತ್ತದೆಂದು ಸಾರುವ ಲೋಟ–ಫೋರ್ಕಿನ ಚಿತ್ರವಿದ್ದರೂ ಅದು ಹೊಸದಾಗಿ ಕಾರ್ಖಾನೆಯಿಂದ ಹೊರಬಂದ ದಿನದ ಮಾತು. ನಡುವೆ ಅದರಲ್ಲಿ ಯಾರು ಏನು ತುಂಬಿದರೋ ಚಿತ್ರಕ್ಕೇನು ಗೊತ್ತು?

ಬಿಳಿ ಚೌಕ ತೊಟ್ಟಿಯ ಹೆಸರು ಐಬಿಸಿ. ಸಾಮಾನ್ಯವಾಗಿ 1,000 ಲೀಟರ್, ತಳ 1 ಮೀಟರ್ ಅಗಲ, 1.2 ಮೀಟರ್ ಉದ್ದ, ಖಾಲಿ ತೂಕ 60 ಕೆಜಿಯ ಆಸುಪಾಸು. ಪಂಜರದ ಮುಂದಿನ ಲೋಹದ ಫಲಕದ ಮೇಲೆ ಇದರ ಜಾತಕ 31ಎಚ್‌ಎ1 ಎಂದು ಶುರುವಾಗುತ್ತದೆ: ದ್ರವಕ್ಕೆಂದು ಮಾಡಿದ, ಪ್ಲಾಸ್ಟಿಕ್ ಹೊಟ್ಟೆಗೆ ಉಕ್ಕಿನ ಕವಚವಿರುವ ತೊಟ್ಟಿ. ತಯಾರಾದ ತಿಂಗಳು–ವರ್ಷ ಅದರಲ್ಲೇ ಇರುತ್ತದೆ. ಅಪಾಯಕಾರಿ ದ್ರವ ಸಾಗಿಸಲು ಇಂಥ ಪ್ಲಾಸ್ಟಿಕ್ ತೊಟ್ಟಿ, ಡ್ರಮ್ಮುಗಳ ಆಯಸ್ಸು ಅಂತರರಾಷ್ಟ್ರೀಯ ನಿಯಮದ ಪ್ರಕಾರ 5 ವರ್ಷ. ಐಬಿಸಿಯಾದರೆ ನಡುವೆ ಎರಡೂವರೆ ವರ್ಷಕ್ಕೊಮ್ಮೆ ತಪಾಸಣೆಯೂ ಆಗಬೇಕು. ಮಾರುಕಟ್ಟೆಗೆ ಬರುವ ಹಳೇ ಮಾಲಿನಲ್ಲಿ ಎಷ್ಟೋ ಈ ಆಯಸ್ಸು ಮುಗಿಸಿ ನಿವೃತ್ತಿಯಾದವು. ತೋಟದ ನೀರಿಗೆ ಅವು ಇನ್ನೂ ವರ್ಷಗಟ್ಟಲೆ ಬಾಳಬಹುದು, ಆಸಿಡ್ಡಿಗೆ ಬೇಡ. ಇನ್ನೊಂದು ಸೂಕ್ಷ್ಮ: ಪಂಜರ ಹಳೆಯದು, ಒಳಗಿನ ಹೊಟ್ಟೆ ಹೊಸದು ಎಂಬ ಮಾಲೂ ಸಿಗುತ್ತದೆ. ಕುಡಿಯುವ ನೀರಿಗೆ ಹಳೇ ಬೆಲೆಯಲ್ಲಿ ಏನಾದರೂ ಕೊಳ್ಳುವುದಿದ್ದರೆ ಇದೊಂದೇ ಸರಿ. ಪಂಜರದ ಫಲಕದ ತಾರೀಖು, ಹೊಟ್ಟೆಯ ಮೇಲಿನ ಅಚ್ಚಿನ ತಾರೀಖು ಎರಡನ್ನೂ ಓದಿ ತಾಳೆ ನೋಡಬೇಕು.

ಈಗ ಕೈಯಿಂದ ಮಾಡುವ ತಪಾಸಣೆಗೆ ಬರೋಣ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರಲ್ಲ, ಆ ತಾಳ್ಮೆ ಇಲ್ಲೂ ಬೇಕು. ಮುಚ್ಚಳ ತೆಗೆದ ಕೂಡಲೇ ತಲೆ ಒಳಗೆ ಹಾಕಿ ಮೂಸಬಾರದು. ಒಳಗೆ ಥಿನ್ನರಿನ ಆವಿಯಿದ್ದರೆ ತಲೆ ತಿರುಗಿ ಬೀಳಬಹುದು. ಒಂದು ಮೊಳ ದೂರದಿಂದ ಕೈ ಬೀಸಿ ಗಾಳಿಯನ್ನು ಮೂಗಿನ ಕಡೆ ತಂದುಕೊಳ್ಳಬೇಕು. ಆಗ ವಾಸನೆ ಬರದಿದ್ದರೂ ನಂಬುವಂತಿಲ್ಲ. ನಾಲ್ಕೈದು ಲೀಟರ್ ಬಿಸಿನೀರು ಹಾಕಿ, ಬಿರಡೆ ಬಿಗಿದು, ಉರುಳಾಡಿಸಿ, ಬಿಸಿಲಲ್ಲಿ ಅರ್ಧ ದಿನ ಬಿಟ್ಟು ಮತ್ತೆ ತೆರೆದರೆ ಅದರ ಪೂರ್ವಾಶ್ರಮದ ವಾಸನೆ ಹೊರಬೀಳುತ್ತದೆ. ನೀರನ್ನು ಬಿಳಿ ಬಕೆಟ್ಟಿಗೆ ಬಗ್ಗಿಸಿ ನೋಡಿದರೆ ಎಣ್ಣೆಯ ಕಾಮನಬಿಲ್ಲು, ನೊರೆ, ಬಣ್ಣ ಕಾಣುತ್ತದೆ. ವಾಸನೆಯಿಲ್ಲದ ವಿಷಗಳೂ ಉಂಟು. ಹಾಗಾಗಿ ಈ ಪರೀಕ್ಷೆಯಲ್ಲಿ ಫೇಲಾದದ್ದನ್ನು ಬಿಡಬೇಕು, ಪಾಸಾದದ್ದೆಲ್ಲ ಕುಡಿಯುವ ನೀರಿಗೆ ಆಗುತ್ತದೆಂದು ತಿಳಿಯಬಾರದು.

ಆಮೇಲೆ ಟಾರ್ಚು. ಕತ್ತಲಾದ ಮೇಲೆ ಹೋದರೆ ಇನ್ನೂ ಒಳ್ಳೆಯದು. ಒಳಗೆ ಬೆಳಕು ಬಿಟ್ಟು ಹೊರಗಿನಿಂದ ನೋಡಿದರೆ ಬಿಳಿ ತೊಟ್ಟಿಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗೆರೆ ಹೊಳೆಯುತ್ತದೆ. ಮುಖ್ಯವಾಗಿ ನೋಡಬೇಕಾದ್ದು ಮೂಲೆ, ನಲ್ಲಿ ಕೂತ ಜಾಗ, ತಳದ ಅಂಚು. ಬಿಸಿಲಲ್ಲಿ ಬಹಳ ಕಾಲ ಬಿದ್ದಿದ್ದ ಡ್ರಮ್ಮನ್ನು ಅಂಗೈಯಲ್ಲಿ ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಹತ್ತುತ್ತದೆ. ಅದು ಧೂಳಲ್ಲ, ಪ್ಲಾಸ್ಟಿಕ್ಕೇ ಸವೆದು ಉದುರುತ್ತಿರುವುದು. ಅಂಥ ಡ್ರಮ್ಮು ಲಾರಿಯಿಂದ ಇಳಿಸುವಾಗಲೇ ಸೀಳಬಹುದು. ಸಾಬೂನಿನ ದ್ರಾವಣ ತುಂಬಿದ್ದ ಡ್ರಮ್ಮಿನ ಬಗ್ಗೆಯೂ ಎಚ್ಚರ ಬೇಕು. ಅದು ವಿಷವಲ್ಲದಿರಬಹುದು, ಆದರೆ ಒತ್ತಡದಲ್ಲಿರುವ ಪಾಲಿಥೀನನ್ನು ಸಾಬೂನಿನ ರಾಸಾಯನಿಕ ಒಳಗೊಳಗೇ ಬಿರುಕು ಬಿಡಿಸುತ್ತದೆ.

ನಲ್ಲಿಯನ್ನು ಹತ್ತು ಸಲ ತೆರೆದು ಮುಚ್ಚಿ ನೋಡಬೇಕು. ಅದರೊಳಗಿನ ರಬ್ಬರ್ ವಾಷರ್ ಎರಡು ತರಹದ್ದು: ಇಪಿಡಿಎಂ ನೀರಿಗೆ ಚೆನ್ನ, ಎಣ್ಣೆ ತಗುಲಿದರೆ ಊದಿಕೊಳ್ಳುತ್ತದೆ, ಎಣ್ಣೆಗೆ ವೈಟಾನ್ ಬೇಕು. ಐಬಿಸಿ ನಲ್ಲಿಯ ಮರೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಎರಡಿಂಚಿನ ಪೈಪಿಗೆ ಕೂರುವುದಿಲ್ಲ. ಜೋಡಣೆಯ ತುಂಡನ್ನು ಅಲ್ಲೇ ಕೇಳಿ ತರದಿದ್ದರೆ ಪ್ಲಂಬರ್ ಬಂದ ದಿನ ಎಲ್ಲರೂ ಪೇಟೆಗೆ ಓಡಬೇಕಾಗುತ್ತದೆ.

ಕೊನೆಯದು, ತುಂಬಿ ನೋಡುವುದು. ಬಾಯಿಮಟ್ಟ ತುಂಬಿಸಿ ಒಂದು ರಾತ್ರಿ ಬಿಟ್ಟು ನೋಡದೆ ದೊಡ್ಡ ಪಾತ್ರೆಯನ್ನು ಒಪ್ಪಿಕೊಳ್ಳಬಾರದು. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದ್ದರ ಫಲವನ್ನು ಅಮೆರಿಕದ ಬೋಸ್ಟನ್ ನಗರ ಉಂಡಿದೆ. ಅಲ್ಲಿ 1915ರಲ್ಲಿ 50 ಅಡಿ ಎತ್ತರ, 90 ಅಡಿ ವ್ಯಾಸದ ಉಕ್ಕಿನ ತೊಟ್ಟಿಯೊಂದನ್ನು ಕಾಕಂಬಿ ತುಂಬಲು ಕಟ್ಟಿದರು. ಕಾಕಂಬಿಯ ಹಡಗು ಬರುವ ಅವಸರ. ಪೂರ್ತಿ ನೀರು ತುಂಬಿ ಪರೀಕ್ಷಿಸುವ ಬದಲು ತಳದಲ್ಲಿ ಆರು ಇಂಚು ನೀರು ನಿಲ್ಲಿಸಿ ಸರಿಯಿದೆ ಎಂದುಬಿಟ್ಟರು. ಮುಂದೆ ಕೀಲುಗಳಿಂದ ಕಾಕಂಬಿ ಜಿನುಗತೊಡಗಿತು, ಬೀದಿಯ ಮಕ್ಕಳು ಡಬ್ಬಿ ಹಿಡಿದು ತುಂಬಿಸಿಕೊಂಡು ಹೋಗುತ್ತಿದ್ದರು. ಸೋರಿಕೆಗೆ ಮಾಲೀಕರು ಕಂಡುಕೊಂಡ ಪರಿಹಾರವೆಂದರೆ ತೊಟ್ಟಿಗೆ ಕಂದು ಬಣ್ಣ ಬಳಿಸಿದ್ದು, ಜಿನುಗಿದ್ದು ಕಾಣಬಾರದೆಂದು! 1919ರ ಜನವರಿ 15ರಂದು ತೊಟ್ಟಿ ಸಿಡಿಯಿತು. 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿ 21 ಜನ ಸತ್ತರು, ನೂರೈವತ್ತರಷ್ಟು ಜನ ಗಾಯಗೊಂಡರು. ಹಳೇ ಡ್ರಮ್ ಅಂಗಡಿಯಲ್ಲಿ ಒಂದೇ ಒಂದಕ್ಕೆ ಹೊಸ ಪೇಂಟ್ ಹೊಡೆದಿದ್ದರೆ ಅದನ್ನು ಯಾಕೆ ಎರಡು ಸಲ ನೋಡಬೇಕು ಎಂಬುದು ಇದರಿಂದ ಗೊತ್ತಾದೀತು.

ಕಾಕಂಬಿಯ ಕಥೆಯಲ್ಲಿ ಇನ್ನೊಂದು ಲೆಕ್ಕವೂ ಅಡಗಿದೆ. ಅದು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಜೇನುತುಪ್ಪವೂ ಹಾಗೇ, ಮಲೆನಾಡಿನ ಜೋನಿಬೆಲ್ಲವೂ ನೀರಿಗಿಂತ ತೂಕದ್ದೇ. ನೀರಿಗೆಂದು ಮಾಡಿದ ಟ್ಯಾಂಕಿನಲ್ಲಿ ಅಷ್ಟೇ ಮಟ್ಟಕ್ಕೆ ಇವನ್ನು ತುಂಬಿದರೆ ಗೋಡೆಯ ಮೇಲಿನ ಒತ್ತಡ ಅಷ್ಟೇ ಪಟ್ಟು ಏರುತ್ತದೆ. ನೀರಿನ ತೂಕವೇನೂ ಕಡಿಮೆಯಲ್ಲ. 1,000 ಲೀಟರ್ ಎಂದರೆ ಒಂದು ಟನ್. ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಭಾರ ಬರಬಹುದೆಂಬ ಲೆಕ್ಕದಲ್ಲಿ ಕಟ್ಟಿರುತ್ತಾರೆ. ತುಂಬಿದ ಐಬಿಸಿ ಅಷ್ಟೇ ಜಾಗಕ್ಕೆ 880 ಕೆಜಿ ಹೇರುತ್ತದೆ. ಪಿಲ್ಲರ್ ಎಲ್ಲಿದೆ, ತೊಲೆ ಎಲ್ಲಿ ಹಾಯ್ದಿದೆ ಎಂದು ಎಂಜಿನಿಯರನ್ನು ಕೇಳದೆ ತಾರಸಿಯ ನಟ್ಟನಡುವೆ ಇದನ್ನು ಕೂರಿಸುವುದು ಮನೆಯ ಮೇಲೆ ಕಾರು ನಿಲ್ಲಿಸಿದ ಹಾಗೆ. ನೆಲದ ಮೇಲಾದರೆ ತಳ ಪೂರ್ತಿ ಊರುವಂಥ ಸಮತಟ್ಟು ಕಟ್ಟೆ ಬೇಕು. ನಾಲ್ಕು ಸೈಜುಗಲ್ಲಿನ ಮೇಲೆ ನಿಲ್ಲಿಸಿದ ಪ್ಲಾಸ್ಟಿಕ್ ಟ್ಯಾಂಕು ತಳದಲ್ಲೇ ಬಿರುಕು ಬಿಡುತ್ತದೆ. ಬಿಳಿ ತೊಟ್ಟಿಯೊಳಕ್ಕೆ ಬೆಳಕು ಹೋಗುವುದರಿಂದ ಎರಡೇ ವಾರದಲ್ಲಿ ಪಾಚಿ ಕಟ್ಟೀತು. ಕಪ್ಪು ಹೊದಿಕೆ ಹಾಕಬೇಕು.

ಹೊಸ ಟ್ಯಾಂಕು ಕೊಳ್ಳುವವರಿಗೆ ಕಷ್ಟ ಕಡಿಮೆ, ಆದರೆ ಮೋಸ ಇಲ್ಲವೆಂದಲ್ಲ. ನಮ್ಮಲ್ಲಿ ಯಾವ ಕಂಪನಿಯದಾದರೂ ಅದು 'ಸಿಂಟೆಕ್ಸ್'. ಗುಜರಾತಿನ ಕಲೋಲ್‌ನಲ್ಲಿ 1931ರಷ್ಟು ಹಿಂದೆ ಶುರುವಾದ ಬಟ್ಟೆ ಗಿರಣಿಯೊಂದು 1975ರಲ್ಲಿ ಪ್ಲಾಸ್ಟಿಕ್ ವಿಭಾಗ ತೆರೆದು, ಮೊದಲು ಗಿರಣಿಗಳಿಗೆ ಬೇಕಾದ ಡಬ್ಬಗಳನ್ನು ಮಾಡಿ, ಆಮೇಲೆ ನೀರಿನ ಟ್ಯಾಂಕಿಗೆ ಇಳಿಯಿತು. ಆ ಹೆಸರು ಎಲ್ಲ ಕಪ್ಪು ಟ್ಯಾಂಕಿಗೂ ಅಂಟಿಕೊಂಡಿತು. ಈಗ ಅಂಗಡಿಯಲ್ಲಿ ಮೂರು ಪದರ, ಐದು ಪದರ ಎಂದು ಪದರಗಳ ಪೈಪೋಟಿ ನಡೆದಿದೆ. ಪದರ ಎಣಿಸುವುದಕ್ಕಿಂತ ತೂಕ ಹಾಕಿ ನೋಡುವುದು ಮೇಲು. ನೀರಿನ ಪಾಲಿಥೀನ್ ಟ್ಯಾಂಕಿಗೆ ಭಾರತೀಯ ಮಾನಕ ಐಎಸ್ 12701 ಇದೆ. ಯಾವ ಅಳತೆಯ ಟ್ಯಾಂಕಿನ ಗೋಡೆ ಎಷ್ಟು ದಪ್ಪ, ಟ್ಯಾಂಕು ಎಷ್ಟು ತೂಕವಿರಬೇಕೆಂದು ಅದು ಹೇಳುತ್ತದೆ. ಐಎಸ್‌ಐ ಮುದ್ರೆಯ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅದು ಯಾರದು, ಜಾರಿಯಲ್ಲಿದೆಯೇ ಎಂದು ಅಂಗಡಿಯ ಮುಂದೆಯೇ ಗೊತ್ತಾಗುತ್ತದೆ. ಲೀಟರಿನ ಲೆಕ್ಕವನ್ನೂ ಅಲ್ಲೇ ಮಾಡಬಹುದು: ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರು ನಿಲ್ಲುವ ಎತ್ತರದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್. 1.1 ಮೀಟರ್ ವ್ಯಾಸ, 1.05 ಮೀಟರ್ ಎತ್ತರವಿದ್ದರೆ 997. ಮೇಲೆ 1,000 ಎಂದು ಬರೆದಿದ್ದರೆ ಒಪ್ಪಬಹುದು.

ಸ್ಟೀಲ್ ಟ್ಯಾಂಕಿನ ವಿಷಯದಲ್ಲಿ ಆಯಸ್ಕಾಂತ ಹಿಡಿದು ನೋಡುವ ಚಾಳಿ ಇದೆ. ಅಂಟದಿದ್ದರೆ 304 ದರ್ಜೆ ಎಂದು ನಂಬಿಸುತ್ತಾರೆ. ಅಗ್ಗದ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ; ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ. ಜಿಂಕ್ ಲೇಪದ ಕಬ್ಬಿಣದಲ್ಲಿ ಡೀಸೆಲ್ ಇಡಬಾರದು, ಲೇಪದ ಜೊತೆ ಸೇರಿ ಅದು ಕೆಡುತ್ತದೆ. ಡೀಸೆಲನ್ನು ಲೈಸೆನ್ಸ್ ಇಲ್ಲದೆ ಒಟ್ಟು 2,500 ಲೀಟರ್ ತನಕ, ಯಾವ ಪಾತ್ರೆಯೂ 1,000 ಲೀಟರ್ ಮೀರದಂತೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುತ್ತದೆ. ಬೋರ್ಡೋ ಕಲಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿಗೆ ಹಾಕಿದರೆ ಅದರ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿಯ ತುದಿ ಅದ್ದುವುದೂ ಇದೇ ಗುಟ್ಟಿನಿಂದ. ಅವರಿಗೆ ಪ್ಲಾಸ್ಟಿಕ್ ಬ್ಯಾರಲ್ಲೇ ಸರಿ, ಹಳೆಯದಾದರೂ ನಡೆಯುತ್ತದೆ.

ಖಾಲಿ ಡ್ರಮ್ಮನ್ನು ಕತ್ತರಿಸಿ ಹೂಕುಂಡವೋ ಒಲೆಯೋ ಮಾಡುವ ಆಸೆಯಿರುವವರಿಗೆ ಒಂದು ಮಾತು. ಪೆಟ್ರೋಲ್, ಥಿನ್ನರ್ ಇದ್ದ ಡ್ರಮ್ ತುಂಬಿದ್ದಾಗಿನದಕ್ಕಿಂತ ಖಾಲಿಯಾದ ಮೇಲೆಯೇ ಹೆಚ್ಚು ಅಪಾಯ. ತಳದ ಒಂದು ಲೋಟ ಉಳಿಕೆ ಆವಿಯಾಗಿ ಗಾಳಿಯ ಜೊತೆ ಬೆರೆತು ನಿಂತಿರುತ್ತದೆ. ಗ್ಯಾಸ್ ಕಟರಿನ ಒಂದು ಕಿಡಿ ಸಾಕು.

ವಿಷದ ರಾಸಾಯನಿಕ ತಗುಲಿದ ಖಾಲಿ ಡ್ರಮ್ಮುಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇವೆ. ಅವನ್ನು ತೊಳೆದು ಮಾರಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಹತ್ತಾರು ಡ್ರಮ್ ಒಟ್ಟಿಗೆ ಕೊಳ್ಳುವವರು ಆ ಪತ್ರ ತೋರಿಸಿ ಎಂದು ಕೇಳಬಹುದು. ಕೇಳಿದರೆ ಬೇಜಾರು ಮಾಡಿಕೊಳ್ಳುವ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಬಹುದು. ಕೀಟನಾಶಕದ ಕ್ಯಾನ್ ಮರುಬಳಕೆಯಾಗದಂತೆ ಒಡೆದು ಊರಿನಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳಿ ಅರ್ಧ ಶತಮಾನವಾಯಿತು. ಕೊಳ್ಳುವವರಷ್ಟೇ ಮಾರುವವರೂ ಬಿಸಾಡುವವರೂ ಇದನ್ನು ಓದುತ್ತಿರಬಹುದು. ಅವರಲ್ಲೊಂದು ಕೋರಿಕೆ: ಡ್ರಮ್ಮನ್ನು ಗುಜರಿಗೆ ಹಾಕುವಾಗ ಲೇಬಲ್ ಕೆರೆಯಬೇಡಿ. ಔಷಧಿಯ ಕ್ಯಾನ್ ಖಾಲಿಯಾದ ದಿನವೇ, ಹೊಲದಲ್ಲೇ, ಅದರ ತಳಕ್ಕೆ ಕುಡುಗೋಲಿನಿಂದ ಮೂರು ತೂತು ಹೊಡೆಯಿರಿ.